ಇಳಿಯುತ್ತಿದ್ದ ಗೆರೆ: 2021ರ ಲಸಿಕೆ, ಕೇಸುಗಳ ಲೆಕ್ಕ ಮತ್ತು ನಾನು ಕೊಟ್ಟ ಒಂದು ಸಲಹೆ

ನಮ್ಮ ಪಾಡ್‌ಕಾಸ್ಟ್‌ನಲ್ಲಿ ಸಾಮಾನ್ಯವಾಗಿ ನೂರು, ಇನ್ನೂರು ವರ್ಷ ಹಿಂದಿನ ಕತೆ ಹೇಳ್ತೀವಿ. ಇವತ್ತಿನದು ಅಷ್ಟು ಹಳೇದಲ್ಲ. 2021ರ ಜನವರಿಯಿಂದ ಬೇಸಿಗೆ ಕಳೆಯುವವರೆಗಿನ ಕೆಲವು ತಿಂಗಳುಗಳ ಕತೆ. ನಿಮ್ಮಲ್ಲಿ ಕೆಲವರು ಆಗ ಆನ್‌ಲೈನ್ ಕ್ಲಾಸಲ್ಲಿ ಕ್ಯಾಮೆರಾ ಆಫ್ ಮಾಡಿ ನಿದ್ದೆ ಹೊಡೀತಿದ್ದಿರಬಹುದು. ಕೆಲವರು ರಾತ್ರಿಯೆಲ್ಲ ಬೆಡ್ ಹುಡುಕಿ ಫೋನ್ ಮಾಡ್ತಿದ್ದಿರಬಹುದು. ನಾನು ಏನು ಮಾಡ್ತಿದ್ದೆ ಅಂದ್ರೆ, ದಿನಾ ಸಂಜೆ ಒಂದು ಕಾರ್ಡ್ ಮಾಡ್ತಿದ್ದೆ.

ಆಗ ನಾನೊಂದು ಸುದ್ದಿ ವೆಬ್‌ಸೈಟ್‌ನಲ್ಲಿ ಹೊಸದಾಗಿ ಸೇರಿದ್ದ ಹುಡುಗ. ರಾಜ್ಯ ಆರೋಗ್ಯ ಇಲಾಖೆಯ ಬುಲೆಟಿನ್ ಪಿಡಿಎಫ್ ಸಂಜೆ ಬರೋದು. ಅದರಿಂದ ಅಂಕಿ ತೆಗೆದು ಒಂದು ಚೌಕ ಚಿತ್ರ ಮಾಡಿ ಗ್ರೂಪಿಗೆ ಹಾಕಬೇಕು. ಇವತ್ತಿನ ಕೇಸು ಕೆಂಪು, ಗುಣಮುಖರಾದವರು ಹಸಿರು, ಸಾವು ಕಪ್ಪು. ಕೆಳಗೊಂದು ಗೆರೆ, ಅಂದ್ರೆ ಗ್ರಾಫ್. ಆ ಕಾರ್ಡು ನಮ್ಮ ಓದುಗರ ಫೋನಿಗೆ ಹೋಗಿ, ಅಲ್ಲಿಂದ ಫ್ಯಾಮಿಲಿ ಗ್ರೂಪುಗಳಿಗೆ ಹೋಗಿ, ಕೊನೆಗೆ ನಮ್ಮೂರಿನ ಗ್ರೂಪಿಗೂ ಬರೋದು. ತಿಪಟೂರು ಕಡೆಯ ನಮ್ಮೂರಲ್ಲಿ ನನಗೆ "ಕೊರೋನಾ ಲೆಕ್ಕದ ಹುಡುಗ" ಅಂತಲೇ ಹೆಸರು ಬಿದ್ದಿತ್ತು.

ಆ ಬುಲೆಟಿನ್ ಬಗ್ಗೆ ಸ್ವಲ್ಪ ಹೇಳಬೇಕು. 2020ರ ಮಾರ್ಚ್‌ನಲ್ಲಿ ಶುರುವಾದಾಗ ಪ್ರತಿ ಸೋಂಕಿತರಿಗೂ ಒಂದು ನಂಬರ್ ಇರ್ತಿತ್ತು. ಪಿ-1, ಪಿ-2 ಅಂತ. ಇಂಥವರಿಗೆ ಯಾರಿಂದ ಬಂತು, ಎಲ್ಲಿಂದ ಪ್ರಯಾಣ ಮಾಡಿದ್ರು, ಎಲ್ಲ ಅದರಲ್ಲಿ. ಜನ ಅದನ್ನು ಧಾರಾವಾಹಿ ಥರ ಓದ್ತಿದ್ರು. ಕೇಸು ಸಾವಿರಗಟ್ಟಲೆ ಆದ ಮೇಲೆ ಅದೆಲ್ಲ ನಿಂತು ಹೋಯ್ತು. ಆದರೆ ಜಿಲ್ಲಾವಾರು ಪಟ್ಟಿ, ಎಷ್ಟು ಟೆಸ್ಟ್ ಮಾಡಿದರು, ಪಾಸಿಟಿವಿಟಿ ದರ ಎಷ್ಟು, ಮತ್ತೆ ಕೊನೆಯಲ್ಲಿ ಸಾವಿನ ಅನುಬಂಧ, ಇವು ಉಳಿದವು. ಬೇರೆ ರಾಜ್ಯಗಳಿಗೆ ಹೋಲಿಸಿದರೆ ಇದು ದೊಡ್ಡ ವಿಷಯ. ಅಮೆರಿಕದ ಸ್ಟ್ಯಾನ್‌ಫರ್ಡ್ ವಿಶ್ವವಿದ್ಯಾಲಯದ ಸಂಶೋಧಕರು 2020ರಲ್ಲಿ ನಮ್ಮ ರಾಜ್ಯಗಳು ಕೋವಿಡ್ ಮಾಹಿತಿಯನ್ನು ಎಷ್ಟು ಚೆನ್ನಾಗಿ ಜನರ ಮುಂದಿಡುತ್ತಿವೆ ಅಂತ ಅಳೆದು ಅಂಕ ಕೊಟ್ಟಿದ್ದರು. ಕರ್ನಾಟಕ ಫಸ್ಟ್. ಒಂದಕ್ಕೆ 0.61. ಬಿಹಾರಕ್ಕೂ ಉತ್ತರ ಪ್ರದೇಶಕ್ಕೂ ಸೊನ್ನೆ. ಕ್ಲಾಸಿಗೇ ಮೊದಲು ಬಂದೋನಿಗೆ ಅರವತ್ತೊಂದು ಮಾರ್ಕ್ಸು ಅಂದ್ರೆ ಉಳಿದ ಕ್ಲಾಸಿನ ಗತಿ ನೀವೇ ಯೋಚನೆ ಮಾಡಿ.

ದೇಶದ ಒಟ್ಟು ಲೆಕ್ಕಕ್ಕೆ ನಾನು ನೋಡ್ತಿದ್ದದ್ದು ಕೋವಿಡ್19ಇಂಡಿಯಾ ಅನ್ನೋ ತಾಣ. ಅದು ಸರ್ಕಾರದ್ದಲ್ಲ. ಸ್ವಯಂಸೇವಕರು ಸೇರಿಕೊಂಡು, ಒಂದೊಂದು ರಾಜ್ಯದ ಬುಲೆಟಿನ್ನು, ಟ್ವೀಟು ಹೆಕ್ಕಿ ಹೆಕ್ಕಿ ಕೈಯಾರೆ ತುಂಬಿಸುತ್ತಿದ್ದ ಲೆಕ್ಕ. 2021ರ ಅಕ್ಟೋಬರ್ ಕೊನೆಗೆ ಅವರು ಅದನ್ನು ನಿಲ್ಲಿಸಿದರು. ಅಲ್ಲಿಯವರೆಗೆ ಈ ದೇಶದ ಪತ್ರಕರ್ತರು, ಸಂಶೋಧಕರು, ಎಲ್ಲರೂ ಅವರ ಋಣದಲ್ಲೇ ಇದ್ದರು.

ಈಗ ಗೆರೆಯ ವಿಷಯಕ್ಕೆ ಬರೋಣ.

2020ರ ಸೆಪ್ಟೆಂಬರ್ ಮಧ್ಯದಲ್ಲಿ ದೇಶದಲ್ಲಿ ದಿನಕ್ಕೆ 97 ಸಾವಿರಕ್ಕೂ ಹೆಚ್ಚು ಕೇಸು. ಅಲ್ಲಿಂದ ಇಳಿಯೋಕೆ ಶುರುವಾಗಿದ್ದು ಇಳೀತಾನೇ ಹೋಯ್ತು. ದಸರಾ ಆಯ್ತು, ದೀಪಾವಳಿ ಆಯ್ತು, ಏರಲಿಲ್ಲ. ಬಿಹಾರದಲ್ಲಿ ಚುನಾವಣೆ ಆಯ್ತು, ನಮ್ಮಲ್ಲಿ ಗ್ರಾಮ ಪಂಚಾಯಿತಿ ಚುನಾವಣೆ ಆಯ್ತು, ಆಗಲೂ ಏರಲಿಲ್ಲ. 2021ರ ಫೆಬ್ರವರಿ ಹೊತ್ತಿಗೆ ದೇಶದಲ್ಲಿ ಕೆಲವು ದಿನ ಹತ್ತು ಸಾವಿರಕ್ಕಿಂತ ಕಡಿಮೆ. ಕರ್ನಾಟಕದಲ್ಲಿ ಅಕ್ಟೋಬರ್‌ನಲ್ಲಿ ದಿನಕ್ಕೆ ಹತ್ತು ಸಾವಿರ ದಾಟಿದ್ದದ್ದು ಫೆಬ್ರವರಿಯಲ್ಲಿ ಹಲವು ದಿನ ಐನೂರರ ಒಳಗೆ. ಪಾಸಿಟಿವಿಟಿ ಶೇ 1ಕ್ಕಿಂತ ಕಡಿಮೆ. ಕಾರ್ಡ್ ಮಾಡೋಕೇ ಬೇಜಾರು. ಒಂದು ದಿನ ನಮ್ಮ ಎಡಿಟರ್, "ಇದನ್ನ ಇನ್ನು ವಾರಕ್ಕೊಂದ್ಸಲ ಮಾಡಿದ್ರೆ ಸಾಕು ಕಣಯ್ಯ" ಅಂದ್ರು.

ಲಸಿಕೆ ಬಂದಿದ್ದು ಇದರ ಮಧ್ಯ. ಜನವರಿ 16. ಮೊದಲು ಆರೋಗ್ಯ ಸಿಬ್ಬಂದಿಗೆ, ಫೆಬ್ರವರಿ ಶುರುವಿನಿಂದ ಪೊಲೀಸರು, ಪೌರಕಾರ್ಮಿಕರಂಥ ಮುಂಚೂಣಿ ಕೆಲಸಗಾರರಿಗೆ. ಮಾರ್ಚ್ 1ರಿಂದ 60 ದಾಟಿದವರಿಗೆ ಮತ್ತು 45 ದಾಟಿದ, ಬೇರೆ ಕಾಯಿಲೆ ಇರೋರಿಗೆ. ಏಪ್ರಿಲ್ 1ರಿಂದ 45 ದಾಟಿದ ಎಲ್ಲರಿಗೂ. ಪುಣೆಯ ಸೀರಂ ಇನ್‌ಸ್ಟಿಟ್ಯೂಟಿನ ಕೋವಿಶೀಲ್ಡ್, ಹೈದರಾಬಾದಿನ ಭಾರತ್ ಬಯೋಟೆಕ್‌ನ ಕೋವ್ಯಾಕ್ಸಿನ್.

ಒಂದು ಕಡೆ ಇಳಿಯೋ ಗೆರೆ, ಇನ್ನೊಂದು ಕಡೆ ಏರೋ ಡೋಸ್ ಲೆಕ್ಕ. ಎರಡನ್ನೂ ಅಕ್ಕಪಕ್ಕ ಇಟ್ಟರೆ ಮನಸ್ಸು ತಾನಾಗೇ ಕತೆ ಕಟ್ಟುತ್ತೆ. ಲಸಿಕೆ ಬಂತು, ಕೊರೋನಾ ಹೋಯ್ತು. ಆದರೆ ಗೆರೆ ಇಳಿಯೋಕೆ ಶುರುವಾಗಿದ್ದು ಲಸಿಕೆಗೆ ನಾಲ್ಕು ತಿಂಗಳು ಮುಂಚೆ. ಅದಕ್ಕೂ ಇದಕ್ಕೂ ಸಂಬಂಧವೇ ಇರಲಿಲ್ಲ.

ಹಾಗಾದರೆ ಯಾಕೆ ಇಳೀತು? ಅವತ್ತು ಎಲ್ಲರ ಬಳಿಯೂ ಒಂದೊಂದು ಉತ್ತರ ಇತ್ತು, ಮತ್ತೆ ಉತ್ತರಗಳು ಒಂದಕ್ಕೊಂದು ತಾಳೆ ಆಗ್ತಿರಲಿಲ್ಲ. ಸರ್ಕಾರ ನೇಮಿಸಿದ್ದ ಗಣಿತಜ್ಞರ ಸಮಿತಿಯೊಂದು 2020ರ ಅಕ್ಟೋಬರ್‌ನಲ್ಲೇ, ಫೆಬ್ರವರಿ ಹೊತ್ತಿಗೆ ಪಿಡುಗು ಹೆಚ್ಚೂಕಡಿಮೆ ಮುಗಿಯುತ್ತೆ ಅಂತ ಲೆಕ್ಕ ಹಾಕಿತ್ತು. ಕರ್ನಾಟಕದಲ್ಲಿ 2020ರ ಮಧ್ಯಭಾಗದಲ್ಲಿ ನಡೆದ ಒಂದು ರಕ್ತಪರೀಕ್ಷೆ ಸಮೀಕ್ಷೆ 2021ರ ಫೆಬ್ರವರಿಯಲ್ಲಿ ಜಾಮಾ ಅನ್ನೋ ವೈದ್ಯಕೀಯ ಪತ್ರಿಕೆಯಲ್ಲಿ ಬಂತು. ಹಳ್ಳಿಗಳಲ್ಲಿ ಶೇ 44, ಪಟ್ಟಣಗಳಲ್ಲಿ ಶೇ 54ರಷ್ಟು ಜನಕ್ಕೆ ಆಗಲೇ ಸೋಂಕು ತಗುಲಿ ಹೋಗಿದೆ ಅಂತ ಅದರ ಅಂದಾಜು. ಅದೇ ಹೊತ್ತಿಗೆ ಐಸಿಎಂಆರ್‌ನ ಮೂರನೇ ರಾಷ್ಟ್ರೀಯ ಸಮೀಕ್ಷೆ ಹೇಳಿದ್ದು, ದೇಶದಲ್ಲಿ ಸುಮಾರು ಶೇ 21.5 ಜನಕ್ಕೆ ಮಾತ್ರ ಅಂತ. ಅರ್ಧ ಜನಕ್ಕೆ ಬಂದು ಹೋಗಿದೆ ಅನ್ನೋದಕ್ಕೂ, ಐದರಲ್ಲಿ ನಾಲ್ಕು ಜನಕ್ಕೆ ಇನ್ನೂ ಬಂದಿಲ್ಲ ಅನ್ನೋದಕ್ಕೂ ಅಜಗಜಾಂತರ. ಆದ್ರೆ ನಾವು ನಮಗೆ ಬೇಕಾದ ಉತ್ತರ ಆರಿಸಿಕೊಂಡ್ವಿ. ಮಾರ್ಚ್ ಮೊದಲ ವಾರ ಕೇಂದ್ರ ಆರೋಗ್ಯ ಸಚಿವರೇ ನಾವು ಪಿಡುಗಿನ ಕೊನೆಯಾಟದಲ್ಲಿದ್ದೀವಿ ಅನ್ನೋ ಅರ್ಥದ ಮಾತಾಡಿದರು. ನಮ್ಮ ರಾಜ್ಯದ ತಾಂತ್ರಿಕ ಸಲಹಾ ಸಮಿತಿ 2020ರ ಕೊನೆಗೇ ಎರಡನೇ ಅಲೆಯ ಎಚ್ಚರಿಕೆ ಕೊಟ್ಟಿತ್ತು. ಜನವರಿ ತಣ್ಣಗೆ ಕಳೆದಾಗ ಆ ಎಚ್ಚರಿಕೆ ಜೋಕಾಯ್ತು.

ನಮ್ಮ ದೊಡ್ಡಪ್ಪನ ಫೋನ್ ಬಂದಿದ್ದು ಇದೇ ಮಾರ್ಚ್ ಮೊದಲ ವಾರ. ಅವರಿಗೆ 63. ತೆಂಗಿನ ತೋಟ, ಕೊಬ್ಬರಿ ವ್ಯಾಪಾರ. ಬಿಪಿ ಇಲ್ಲ, ಶುಗರ್ ಇಲ್ಲ, ಬೀಡಿ ಬಿಟ್ಟು ಇಪ್ಪತ್ತು ವರ್ಷ.

"ಆಶಾ ಮೇಡಂ ಬಂದಿದ್ರು ಕಣಪ್ಪ. ಇಂಜೆಕ್ಷನ್ ಹಾಕಿಸ್ಕೊಳಿ ಅಂತಾರೆ. ನಿನ್ನ ಲೆಕ್ಕ ಏನನ್ನುತ್ತೆ? ಕಾಯಿ ಕೀಳೋರು ಬೇರೆ ಬರೋರಿದ್ದಾರೆ, ಜ್ವರ ಬಂದು ಮಲಗಿಬಿಟ್ರೆ ಕಷ್ಟ."

ನಾನು ಲ್ಯಾಪ್‌ಟಾಪ್ ಮುಂದೇ ಕೂತಿದ್ದೆ. ಗೆರೆ ಎದುರಿಗೇ ಇತ್ತು. "ಅರ್ಜೆಂಟೇನಿಲ್ಲ ದೊಡ್ಡಪ್ಪ. ಇಡೀ ರಾಜ್ಯದಲ್ಲಿ ನಾನೂರು ಐನೂರು ಕೇಸು. ಯುಗಾದಿ ಕಳೀಲಿ, ಆರಾಮಾಗಿ ಹಾಕಿಸ್ಕೊಳಿ" ಅಂದೆ.

ಈ ಮಾತಿನಲ್ಲಿ ಏನು ತಪ್ಪಿತ್ತು ಅನ್ನೋದೇ ಈ ಸಂಚಿಕೆ.

ಮೊದಲನೆಯ ತಪ್ಪು ನನ್ನ ಚಿತ್ರದ್ದೇ. ನನ್ನ ಗ್ರಾಫಿನ ಎತ್ತರ ಹನ್ನೊಂದು ಸಾವಿರದವರೆಗೆ. ಯಾಕಂದ್ರೆ ಅಕ್ಟೋಬರ್‌ನ ಗುಡ್ಡ ಅದರೊಳಗೆ ಹಿಡಿಸಬೇಕಲ್ಲ. ಆ ಗುಡ್ಡದ ಪಕ್ಕ ನಾನೂರು ಎಂಟುನೂರಾದರೆ ಕೂದಲೆಳೆಯಷ್ಟು ಏರಿಕೆ. ಕಣ್ಣಿಗೇ ಬೀಳಲ್ಲ. ಆದರೆ ಸೋಂಕು ಕೂಡೋ ಲೆಕ್ಕದಲ್ಲಿ ಬೆಳೆಯಲ್ಲ, ಗುಣಿಸೋ ಲೆಕ್ಕದಲ್ಲಿ ಬೆಳೆಯುತ್ತೆ. ನಾನೂರು ಎಂಟುನೂರಾಗೋದೂ, ಇಪ್ಪತ್ತು ಸಾವಿರ ನಲವತ್ತು ಸಾವಿರ ಆಗೋದೂ ಅದಕ್ಕೆ ಒಂದೇ ಹೆಜ್ಜೆ. ಇದನ್ನು ತೋರಿಸೋಕೆ ಲಾಗ್ ಸ್ಕೇಲ್ ಅಂತ ಒಂದು ಅಳತೆ ಇದೆ; ಎಲ್ಲಿ ದುಪ್ಪಟ್ಟಾದರೂ ಒಂದೇ ಎತ್ತರ ಕಾಣುತ್ತೆ. ಕೋವಿಡ್19ಇಂಡಿಯಾ ತಾಣದಲ್ಲಿ ಅದಕ್ಕೊಂದು ಬಟನ್ನೇ ಇತ್ತು. ನಾನು ಒತ್ತುತ್ತಿರಲಿಲ್ಲ. ಓದುಗರಿಗೆ ಅರ್ಥ ಆಗಲ್ಲ ಅಂತ ನಮ್ಮ ಆಫೀಸಲ್ಲೇ ತೀರ್ಮಾನ ಮಾಡಿಕೊಂಡಿದ್ವಿ. ನಿಜ ಹೇಳಬೇಕಂದ್ರೆ ನನಗೇ ಪೂರ್ತಿ ಅರ್ಥ ಆಗಿರಲಿಲ್ಲ.

ಆಮೇಲಿನ ಅಂಕಿ ಕೇಳಿ. ಮಾರ್ಚ್ 31ಕ್ಕೆ ಕರ್ನಾಟಕದಲ್ಲಿ 4,225. ಏಪ್ರಿಲ್ 15ಕ್ಕೆ 14,738. ಏಪ್ರಿಲ್ 30ಕ್ಕೆ 48,296. ಮೇ 5ಕ್ಕೆ 50,112, ಅದರಲ್ಲಿ ಬೆಂಗಳೂರೊಂದರದ್ದೇ 23,106. ಫೆಬ್ರವರಿಯ ಐನೂರರಿಂದ ಮೇ ತಿಂಗಳ ಐವತ್ತು ಸಾವಿರ ಅಂದ್ರೆ ನೂರುಪಟ್ಟು. ಕೇಳೋಕೆ ಭಯಂಕರ, ಆದರೆ ಏಳು ಸಲ ದುಪ್ಪಟ್ಟಾದರೆ ನೂರು ದಾಟಿ ಹೋಗುತ್ತೆ. ಬರೀ ಏಳು ಹೆಜ್ಜೆ. ಮೊದಲ ಎರಡು ಹೆಜ್ಜೆ ಮಾರ್ಚ್‌ನಲ್ಲಿ ನನ್ನ ಕಣ್ಣೆದುರೇ ಬಿದ್ದವು, ನನ್ನ ಚಿತ್ರದಲ್ಲಿ ಅದು ನೆಲದ ಹಾಗೆ ಕಾಣ್ತಿತ್ತು.

ಎರಡನೆಯ ತಪ್ಪು ಇನ್ನೂ ಆಳದ್ದು. ಇವತ್ತಿನ ಕೇಸು ಅಂತ ನಾನು ಹಾಕ್ತಿದ್ದದ್ದು ಇವತ್ತಿನದ್ದೇ ಅಲ್ಲ. ಸೋಂಕು ತಗುಲಿ ಲಕ್ಷಣ ಕಾಣೋಕೆ ಸುಮಾರು ಐದು ದಿನ. ಟೆಸ್ಟಿಗೆ ಹೋಗೋಕೆ, ರಿಸಲ್ಟ್ ಬರೋಕೆ, ಬುಲೆಟಿನ್ ಸೇರೋಕೆ ಇನ್ನೊಂದಿಷ್ಟು ದಿನ. ಅಂದ್ರೆ ವಾರ, ಹತ್ತು ದಿನದ ಹಿಂದೆ ನಡೆದದ್ದರ ನೆರಳು ಅದು. ಸಾವಿನ ಲೆಕ್ಕ ಅಂತೂ ಇನ್ನೂ ಎರಡು ಮೂರು ವಾರ ಹಿಂದಿನದ್ದು. ಲಸಿಕೆಗೂ ಅದರದ್ದೇ ಗಡಿಯಾರ ಇದೆ. ಇವತ್ತು ಚುಚ್ಚಿಸಿಕೊಂಡರೆ ಕಾವಲು ಶುರುವಾಗೋದು ಎರಡು ಮೂರು ವಾರ ಆದ ಮೇಲೆ. ಹೀಗಾಗಿ "ಈಗ ಕೇಸಿಲ್ಲ, ಆಮೇಲೆ ನೋಡೋಣ" ಅನ್ನೋದು ಎರಡೂ ಗಡಿಯಾರದ ವಿರುದ್ಧ. ಕೇಸು ಕಡಿಮೆ ಇರೋವಾಗಲೇ ಹಾಕಿಸಿಕೊಳ್ಳಬೇಕಿತ್ತು. ಮಳೆ ಶುರುವಾದ ಮೇಲೆ ಹೆಂಚು ಹೊದಿಸೋಕೆ ಹೋದ ಹಾಗೆ ಆಯ್ತು ನನ್ನ ಸಲಹೆ.

ಬೇರೆ ದೇಶದವರು ಆ ಹೊತ್ತಿಗೆ ಏನು ನೋಡ್ತಿದ್ರು? ಬ್ರಿಟನ್‌ನಲ್ಲಿ 2020ರ ಡಿಸೆಂಬರ್ 8ಕ್ಕೆ ಲಸಿಕೆ ಶುರು. ಒಂದು ತಿಂಗಳಾದ ಮೇಲೆ, ಜನವರಿ ಎರಡನೇ ವಾರದ ಹೊತ್ತಿಗೆ, ಅಲ್ಲಿ ದಿನಕ್ಕೆ ಅರವತ್ತು ಸಾವಿರಕ್ಕೂ ಹೆಚ್ಚು ಕೇಸು. ಗೆರೆ ಮಾತ್ರ ನೋಡಿದರೆ ಲಸಿಕೆ ಬಂದ ಮೇಲೆ ಸೋಂಕು ಜಾಸ್ತಿ ಆಯ್ತು ಅನ್ನಬೇಕು. ನಿಜ ಏನಂದ್ರೆ ಆಲ್ಫಾ ಅಂತ ಆಮೇಲೆ ಹೆಸರಿಟ್ಟ ರೂಪಾಂತರಿ ಹಬ್ಬುತ್ತಿತ್ತು, ಲಸಿಕೆ ಇನ್ನೂ ಕೆಲವೇ ಜನಕ್ಕೆ ಸಿಕ್ಕಿತ್ತು.

ಇಸ್ರೇಲಿನ ಕತೆ ನನಗೆ ಬಹಳ ಇಷ್ಟ. ಡಿಸೆಂಬರ್ 20ರ ಹೊತ್ತಿಗೆ ಅಲ್ಲಿ ಶುರು, ಮೊದಲು 60 ದಾಟಿದವರಿಗೆ. ಅಲ್ಲೂ ಜನವರಿಯಲ್ಲಿ ಕೇಸು ಏರಿದವು, ಲಾಕ್‌ಡೌನ್ ಹಾಕಿದರು. ಆಮೇಲೆ ಇಳಿದರೆ ಅದು ಲಸಿಕೆಯಿಂದಲೋ ಲಾಕ್‌ಡೌನ್‌ನಿಂದಲೋ ಹೇಗೆ ಗೊತ್ತಾಗಬೇಕು? ವೈಜ್‌ಮನ್ ಸಂಸ್ಥೆಯ ಎರನ್ ಸೆಗಲ್ ಮತ್ತು ಜೊತೆಗಾರರು ಒಂದು ಗೆರೆಯನ್ನು ಎರಡಾಗಿ ಸೀಳಿದರು. 60 ದಾಟಿದವರದ್ದು ಒಂದು, ಅದಕ್ಕಿಂತ ಚಿಕ್ಕವರದ್ದು ಒಂದು. ಲಾಕ್‌ಡೌನ್ ಇಬ್ಬರಿಗೂ ಒಂದೇ. ಲಸಿಕೆ ಮಾತ್ರ ಹಿರಿಯರಿಗೆ ಮೊದಲು ಸಿಕ್ಕಿದೆ. ಫೆಬ್ರವರಿ ಬರೋ ಹೊತ್ತಿಗೆ ಹಿರಿಯರ ಗೆರೆ ಕಿರಿಯರದ್ದಕ್ಕಿಂತ ಬೇಗ, ಜಾಸ್ತಿ ಇಳಿಯೋಕೆ ಶುರುವಾಯ್ತು. ಹಿಂದಿನ ಸೆಪ್ಟೆಂಬರ್‌ನ ಲಾಕ್‌ಡೌನ್‌ನಲ್ಲಿ ಹಾಗೆ ಆಗಿರಲಿಲ್ಲ ಅನ್ನೋದನ್ನೂ ಪಕ್ಕದಲ್ಲಿಟ್ಟು ತೋರಿಸಿದರು. ಒಂದು ಒಟ್ಟು ಗೆರೆಯಲ್ಲಿ ಕಾಣದೇ ಇದ್ದದ್ದು ಎರಡು ಗೆರೆ ಮಾಡಿದ ಕೂಡಲೇ ಕಂಡಿತು.

ಇದು ಹೊಸ ಉಪಾಯವೇನಲ್ಲ. ನಮ್ಮ ನೆಲದ್ದೇ ಹಳೇ ಉದಾಹರಣೆ ಇದೆ. 1897ರ ಜನವರಿ ಕೊನೆ. ಮುಂಬೈನಲ್ಲಿ ಪ್ಲೇಗು. ವಾಲ್ಡೆಮರ್ ಹಾಫ್‌ಕಿನ್ ಪ್ಲೇಗಿಗೆ ಲಸಿಕೆ ತಯಾರಿಸಿ ಮೊದಲು ತನಗೇ ಚುಚ್ಚಿಕೊಂಡಿದ್ದರು. ಬೈಕುಲ್ಲಾ ಜೈಲಿಗೆ ಪ್ಲೇಗು ಹೊಕ್ಕಾಗ ಅಲ್ಲಿ ಅರ್ಧದಷ್ಟು ಕೈದಿಗಳು ಒಪ್ಪಿ ಹಾಕಿಸಿಕೊಂಡರು, ಉಳಿದವರು ಹಾಕಿಸಿಕೊಳ್ಳಲಿಲ್ಲ. ಒಂದೇ ಗೋಡೆ, ಒಂದೇ ಊಟ. ಹಾಕಿಸಿಕೊಳ್ಳದವರಲ್ಲಿ 12 ಜನಕ್ಕೆ ಪ್ಲೇಗು ಬಂತು, 6 ಜನ ತೀರಿಕೊಂಡರು. ಹಾಕಿಸಿಕೊಂಡವರಲ್ಲಿ ಇಬ್ಬರಿಗೆ ಬಂತು, ಯಾರೂ ಸಾಯಲಿಲ್ಲ. ಮುಂದಿನ ವರ್ಷ ಹುಬ್ಬಳ್ಳಿ, ಧಾರವಾಡಕ್ಕೆ ಪ್ಲೇಗು ಬಂದಾಗ ಅಲ್ಲೂ ಸಾವಿರಾರು ಜನಕ್ಕೆ ಇದೇ ಲಸಿಕೆ ಹಾಕಿದರು. ಕೈದಿಗಳ ಒಪ್ಪಿಗೆ ಅನ್ನೋದು ಎಷ್ಟರ ಮಟ್ಟಿಗೆ ಒಪ್ಪಿಗೆ, ಅದು ಬೇರೆಯೇ ಚರ್ಚೆ, ಇನ್ನೊಂದು ಸಂಚಿಕೆಗೆ ಇಟ್ಟುಕೊಳ್ಳೋಣ. ನನ್ನ ಮಾತು ಇಷ್ಟೇ: ಹಾಫ್‌ಕಿನ್ ಮುಂಬೈನ ಒಟ್ಟು ಸಾವಿನ ಲೆಕ್ಕ ಮಾತ್ರ ನೋಡಿದ್ದರೆ ಅವರಿಗೂ ಏನೂ ಗೊತ್ತಾಗ್ತಿರಲಿಲ್ಲ.

ನನಗೆ ಹೊಟ್ಟೆ ಉರಿಯೋ ವಿಷಯ ಒಂದಿದೆ. ನಮ್ಮಲ್ಲಿ 60 ದಾಟಿದವರಿಗೆ ಲಸಿಕೆ ಶುರುವಾದ ಅದೇ ಮಾರ್ಚ್ 1ರಂದು ಇಂಗ್ಲೆಂಡಿನ ಸಾರ್ವಜನಿಕ ಆರೋಗ್ಯ ಇಲಾಖೆ ಒಂದು ವರದಿ ಹೊರಗೆ ಬಿಟ್ಟಿತ್ತು. 80 ದಾಟಿದವರಲ್ಲಿ ಆಕ್ಸ್‌ಫರ್ಡ್ ಲಸಿಕೆಯೋ ಫೈಜರ್ ಲಸಿಕೆಯೋ ಒಂದೇ ಒಂದು ಡೋಸ್ ಬಿದ್ದರೂ, ಮೂರು ನಾಲ್ಕು ವಾರದ ಮೇಲೆ ಆಸ್ಪತ್ರೆ ಸೇರೋ ಸಾಧ್ಯತೆ ಶೇ 80ಕ್ಕಿಂತ ಹೆಚ್ಚು ಕಡಿಮೆಯಾಗುತ್ತೆ ಅಂತ. ಆಕ್ಸ್‌ಫರ್ಡ್ ಲಸಿಕೆ ಅಂದ್ರೆ ನಮ್ಮ ಕೋವಿಶೀಲ್ಡೇ. ದೊಡ್ಡಪ್ಪ ಫೋನ್ ಮಾಡಿದಾಗ ನಾನು ಓದಿ ಹೇಳಬೇಕಾಗಿದ್ದ ಅಂಕಿ ಅದು. ಅದು ನನ್ನ ಫೋನಲ್ಲೇ ಎಲ್ಲೋ ಇತ್ತು. ನಾನು ಇನ್ನೊಂದು ಗೆರೆ ನೋಡ್ತಾ ಕೂತಿದ್ದೆ.

ಏಪ್ರಿಲ್ 13ಕ್ಕೆ ಯುಗಾದಿ. ಮನೆ ತುಂಬ ನೆಂಟರು. ಬೆಂಗಳೂರಿಂದ ಹೋದವರೂ ಇದ್ದರು, ಪುಣ್ಯಕ್ಕೋ ಪಾಪಕ್ಕೋ ನಾನು ಡ್ಯೂಟಿ ಅಂತ ಹೋಗಲಿಲ್ಲ. ದೊಡ್ಡಪ್ಪ ಮಾತು ಮೀರೋ ಮನುಷ್ಯ ಅಲ್ಲ. ಹಬ್ಬ ಮುಗಿದ ಎರಡನೇ ದಿನ, ಗುರುವಾರ, ಪ್ರಾಥಮಿಕ ಆರೋಗ್ಯ ಕೇಂದ್ರಕ್ಕೆ ಹೋಗಿ ಮೊದಲ ಡೋಸ್ ಹಾಕಿಸಿಕೊಂಡು ನನಗೆ ಫೋಟೊ ಕಳಿಸಿದರು. ಸೋಮವಾರ ಜ್ವರ. ಎಲ್ಲರೂ ಅಂದಿದ್ದು ಇಂಜೆಕ್ಷನ್ ಜ್ವರ ಅಂತ. ಪ್ಯಾರಾಸಿಟಮಾಲ್ ತಗೊಂಡು ಮನೇಲೇ ಇದ್ದರು. ವಾರ ಕಳೆದು ಉಸಿರು ಹಿಡಿಯೋಕೆ ಶುರುವಾದಾಗ ತುಮಕೂರಿಗೆ ಕರ್ಕೊಂಡು ಹೋದರು. ಬೆಡ್ ಸಿಗೋಕೆ ಆದ ಪಾಡು ಹೇಳಲ್ಲ. ಆ ಏಪ್ರಿಲ್ ನಿಮಗೂ ನೆನಪಿದೆ. ಮೇ 3ರ ಬೆಳಗ್ಗೆ ತೀರಿಕೊಂಡರು.

ದಿನ ಎಣಿಸಿ ನೋಡಿ. ಗುರುವಾರ ಲಸಿಕೆ, ಸೋಮವಾರ ಜ್ವರ. ಐದು ದಿನದ ಲೆಕ್ಕ ಹಿಂದಕ್ಕೆ ಹಾಕಿದರೆ ಸೋಂಕು ತಗುಲಿದ್ದು ಹಬ್ಬದ ಆಸುಪಾಸು. ಲಸಿಕೆ ದೇಹಕ್ಕೆ ಪಾಠ ಹೇಳಿಕೊಡೋಕೆ ಶುರು ಮಾಡೋ ಮೊದಲೇ ವೈರಸ್ ಮನೆ ಹೊಕ್ಕಿತ್ತು. ಆದರೆ ಊರವರು ಕಂಡದ್ದು ಏನು? ಗಟ್ಟಿಮುಟ್ಟಾಗಿದ್ದ ಮನುಷ್ಯ. ಇಂಜೆಕ್ಷನ್ ಹಾಕಿಸಿಕೊಂಡ. ನಾಲ್ಕು ದಿನಕ್ಕೆ ಜ್ವರ ಬಂತು. ಸತ್ತ. ಅವರಿಗೆ ಕಂಡ ಗೆರೆ ಅದು, ಅದನ್ನು ಅವರು ಓದಿದ ರೀತಿಗೂ ನಾನು ನನ್ನ ಗೆರೆ ಓದಿದ ರೀತಿಗೂ ನನಗೇನೂ ವ್ಯತ್ಯಾಸ ಕಾಣಲ್ಲ. ಒಂದಾದ ಮೇಲೆ ಒಂದು ಆಯ್ತು, ಅದಕ್ಕೇ ಇದಾಯ್ತು. ನಮ್ಮ ಬೀದಿಯಲ್ಲಿ ಅದಾದ ಮೇಲೆ ಒಬ್ಬರೂ ಲಸಿಕೆಗೆ ಹೋಗಲಿಲ್ಲ. ಆಶಾ ಕಾರ್ಯಕರ್ತೆ ಬಂದರೆ ಬಾಗಿಲು ಹಾಕಿಕೊಳ್ಳೋರು.

ದೇಶದ ಮಟ್ಟದಲ್ಲೂ ಆಗ ಇದೇ ಮಾತು. ಇಷ್ಟು ಕೋಟಿ ಡೋಸ್ ಹಾಕಿದ್ದೀವಿ, ಆದರೂ ಕೇಸು ಏರ್ತಿದೆಯಲ್ಲ, ಲಸಿಕೆ ಕೆಲಸ ಮಾಡ್ತಿಲ್ಲ ಅಂತ. ಏಪ್ರಿಲ್ ಕೊನೆಗೆ ದೇಶದಲ್ಲಿ ಸುಮಾರು 15 ಕೋಟಿ ಡೋಸ್ ಹಾಕಿ ಆಗಿತ್ತು. ಕೋಟಿ ಅಂದ ಕೂಡಲೇ ದೊಡ್ಡದು ಅನಿಸುತ್ತೆ. ಆದರೆ ಎರಡೂ ಡೋಸ್ ಆದವರು ಜನಸಂಖ್ಯೆಯ ಶೇ 2ರ ಆಸುಪಾಸು. ಅಂದ್ರೆ ಐವತ್ತು ಜನರಿರೋ ಬಸ್ಸಲ್ಲಿ ಒಬ್ಬರು. ಆ ಒಬ್ಬರಿಂದ ಇಡೀ ಬಸ್ಸಿನ ಗೆರೆ ಇಳಿಯಲಿ ಅಂತ ಕಾಯೋಕಾಗುತ್ತಾ? ಜೊತೆಗೆ ಬಂದದ್ದು ಮೇ 31ರಂದು ವಿಶ್ವ ಆರೋಗ್ಯ ಸಂಸ್ಥೆ ಡೆಲ್ಟಾ ಅಂತ ಹೆಸರಿಟ್ಟ ರೂಪಾಂತರಿ, ಆಲ್ಫಾಗಿಂತ ವೇಗವಾಗಿ ಹಬ್ಬೋ ಅಂಥದ್ದು. ವೈರಸ್ಸಿನ ವಂಶಾವಳಿ ಓದೋಕೆ ಹತ್ತು ಪ್ರಯೋಗಾಲಯಗಳ ಜಾಲ ಮಾಡಿದ್ದು 2020ರ ಡಿಸೆಂಬರ್‌ನಲ್ಲಿ, ನಮ್ಮ ನಿಮ್ಹಾನ್ಸ್ ಕೂಡ ಅದರಲ್ಲಿತ್ತು. ಮಾರ್ಚ್ 24ಕ್ಕೆ ಕೇಂದ್ರ ಸರ್ಕಾರ "ಡಬಲ್ ಮ್ಯುಟೆಂಟ್" ಸುದ್ದಿ ಹೇಳೋ ಹೊತ್ತಿಗೆ ಮಹಾರಾಷ್ಟ್ರದ ಗೆರೆ ಆಗಲೇ ಗೋಡೆ ಹತ್ತುತ್ತಿತ್ತು.

ಲಸಿಕೆಯ ಕೆಲಸ ನಮ್ಮ ದೇಶದಲ್ಲಿ ಎಲ್ಲೂ ಕಾಣಲಿಲ್ಲವಾ? ಕಂಡಿತ್ತು. ಎಲ್ಲಿ ನೋಡಬೇಕೋ ಅಲ್ಲಿ. ವೆಲ್ಲೂರಿನ ಸಿಎಂಸಿ ಆಸ್ಪತ್ರೆಯಲ್ಲಿ ಹತ್ತು ಸಾವಿರಕ್ಕೂ ಹೆಚ್ಚು ಸಿಬ್ಬಂದಿ. ಜನವರಿಯಿಂದಲೇ ಅವರಲ್ಲಿ ಬಹುಪಾಲು ಜನ ಲಸಿಕೆ ಹಾಕಿಸಿಕೊಂಡಿದ್ದರು, ಒಂದಿಷ್ಟು ಜನ ಹಾಕಿಸಿಕೊಂಡಿರಲಿಲ್ಲ. ಎಲ್ಲರೂ ಒಂದೇ ಆಸ್ಪತ್ರೆಯ ಕೆಲಸಗಾರರು, ಎಲ್ಲರೂ ಅದೇ ಎರಡನೇ ಅಲೆಯಲ್ಲಿ. ಅಲ್ಲಿನ ವೈದ್ಯರು ಇಬ್ಬರನ್ನೂ ಹೋಲಿಸಿ ಬರೆದರು: ಎರಡೂ ಡೋಸ್ ಆದವರಲ್ಲಿ ಸೋಂಕು ಶೇ 65 ಕಡಿಮೆ, ಆಸ್ಪತ್ರೆ ಸೇರುವುದು ಶೇ 77 ಕಡಿಮೆ, ಆಕ್ಸಿಜನ್ ಬೇಕಾಗುವುದು ಶೇ 92 ಕಡಿಮೆ, ಐಸಿಯು ಶೇ 94 ಕಡಿಮೆ. ಡೆಲ್ಟಾ ಹಬ್ಬುತ್ತಿದ್ದ ಕಾಲದಲ್ಲಿ. ಬೈಕುಲ್ಲಾ ಜೈಲಿನ ಲೆಕ್ಕವೇ ಇದು, ನೂರಾ ಇಪ್ಪತ್ತನಾಲ್ಕು ವರ್ಷ ಆದ ಮೇಲೆ.

ಮೇ ತಿಂಗಳಲ್ಲಿ ಗೆರೆ ಮತ್ತೆ ನನಗೆ ಮೋಸ ಮಾಡೋಕೆ ನೋಡ್ತು. ಈ ಸಲ ನಾನು ಸ್ವಲ್ಪ ಹುಷಾರಾಗಿದ್ದೆ. ಮೇ 5ಕ್ಕೆ ಐವತ್ತು ಸಾವಿರ ಮುಟ್ಟಿದ್ದ ರಾಜ್ಯದ ಕೇಸು ಮೇ ಮಧ್ಯದ ಹೊತ್ತಿಗೆ ನಲವತ್ತು ಸಾವಿರದ ಒಳಗೆ ಬಂತು. ಆಫೀಸಲ್ಲಿ "ಇಳಿಮುಖ" ಅಂತ ಹೆಡ್ಡಿಂಗ್ ರೆಡಿ. ನಾನು ಟೆಸ್ಟಿನ ಕಾಲಂ ನೋಡಿದೆ. ದಿನಕ್ಕೆ ಒಂದೂವರೆ ಲಕ್ಷದಷ್ಟಿದ್ದ ಟೆಸ್ಟು ಒಂದು ಲಕ್ಷದ ಆಸುಪಾಸಿಗೆ ಇಳಿದಿತ್ತು. ಪಾಸಿಟಿವಿಟಿ ಶೇ 32ರಿಂದ ಹೆಚ್ಚೂಕಡಿಮೆ ಶೇ 40ಕ್ಕೆ ಏರಿತ್ತು. ಹತ್ತು ಜನರನ್ನು ಪರೀಕ್ಷೆ ಮಾಡಿದರೆ ನಾಲ್ಕು ಜನಕ್ಕೆ ಇದೆ ಅಂದ್ರೆ, ಪರೀಕ್ಷೆ ಮಾಡದೇ ಇರೋರು ಇನ್ನೆಷ್ಟೋ! ಬಲೆ ಚಿಕ್ಕದು ಮಾಡಿ, ಕೆರೇಲಿ ಮೀನು ಕಡಿಮೆ ಆಯ್ತು ಅಂದ ಹಾಗೆ. ಹೆಡ್ಡಿಂಗ್ ತಡೆಯೋಕೆ ಜಗಳ ಆಡಿದೆ. ಕೊನೆಗೆ ಎರಡನೇ ಸಾಲಲ್ಲಿ ಟೆಸ್ಟ್ ಇಳಿದಿದೆ ಅಂತ ಹಾಕೋಕೆ ಒಪ್ಪಿದರು. ಕಾರ್ಡಿನಲ್ಲಿ ಎರಡನೇ ಸಾಲು ಯಾರೂ ಓದಲ್ಲ. ನಿಜವಾದ ಇಳಿಕೆ ಮೇ ಕೊನೆಗೆ, ಜೂನ್‌ಗೆ ಬಂತು. ಪಾಸಿಟಿವಿಟಿಯೂ ಜೊತೆಗೇ ಇಳಿದಾಗ ನಂಬಿದೆ.

ಆಗ ಲಸಿಕೆ ಬೇಕು ಅಂದವರಿಗೆ ಲಸಿಕೆ ಇಲ್ಲ, ಅದೂ ಒಂದು ಕತೆ. 18 ದಾಟಿದವರಿಗೆ ಮೇನಲ್ಲಿ ಬಾಗಿಲು ತೆಗೆದು, ದಾಸ್ತಾನಿಲ್ಲ ಅಂತ ನಮ್ಮ ರಾಜ್ಯದಲ್ಲಿ ಕೆಲವೇ ದಿನಕ್ಕೆ ನಿಲ್ಲಿಸಿದರು. ಕೋವಿಶೀಲ್ಡ್‌ನ ಎರಡು ಡೋಸಿನ ನಡುವಿನ ಅಂತರ ಮೊದಲು 4ರಿಂದ 6 ವಾರ, ಆಮೇಲೆ 6ರಿಂದ 8, ಮೇ ಮಧ್ಯದಲ್ಲಿ 12ರಿಂದ 16. ಕೋವಿನ್‌ನಲ್ಲಿ ಸ್ಲಾಟ್ ಹಿಡಿಯೋಕೆ ನೀವು ಎಷ್ಟು ರಾತ್ರಿ ರಿಫ್ರೆಶ್ ಒತ್ತಿದ್ದೀರಿ ಅಂತ ನಿಮಗೇ ಗೊತ್ತು.

ಬುಲೆಟಿನ್ನಿನ ಕೊನೆಯ ಪುಟಗಳ ಬಗ್ಗೆ ಹೇಳ್ತೀನಿ ಅಂದಿದ್ದೆ. ಸಾವಿನ ಅನುಬಂಧ. ಅದರಲ್ಲಿ ಹೆಸರು ಇರಲ್ಲ. ಜಿಲ್ಲೆ, ರೋಗಿಯ ಸಂಖ್ಯೆ, ವಯಸ್ಸು, ಲಿಂಗ, ಲಕ್ಷಣ, ಬೇರೆ ಕಾಯಿಲೆ ಇತ್ತಾ, ದಾಖಲಾದ ದಿನ, ತೀರಿಕೊಂಡ ದಿನ. ಎಷ್ಟೋ ಸಾವು ವಾರಗಟ್ಟಲೆ ತಡವಾಗಿ ಆ ಪಟ್ಟಿ ಸೇರೋವು. ಹೀಗಾಗಿ ಕಾರ್ಡಿನಲ್ಲಿ "ಇಂದಿನ ಸಾವು" ಅಂತ ಹಾಕ್ತಿದ್ದದ್ದು ಇಂದಿನದಾಗಿರಲಿಲ್ಲ. ಅದಕ್ಕೂ ಮುಂಚೆ ನಾನು ಆ ಪುಟಗಳನ್ನು ಒಟ್ಟು ಎಷ್ಟು ಅಂತ ನೋಡೋಕೆ ಮಾತ್ರ ತೆರೀತಿದ್ದೆ. ಮೇ 3ರಿಂದ ದಿನಾ ಸಾಲು ಸಾಲು ಓದಿದೆ. ತುಮಕೂರು, 63, ಪುರುಷ. ಹನ್ನೊಂದನೇ ದಿನ ಸಿಕ್ಕಿತು. ಲಕ್ಷಣ: ಎಸ್‌ಎಆರ್‌ಐ, ಅಂದ್ರೆ ತೀವ್ರ ಉಸಿರಾಟದ ಸೋಂಕು. ಬೇರೆ ಕಾಯಿಲೆ: ಅಡ್ಡಗೆರೆ. ತೀರಿಕೊಂಡ ದಿನ: ಮೇ 3. ಅವತ್ತಿನ ಕಾರ್ಡಿನ ಕಪ್ಪು ಅಂಕಿಯಲ್ಲಿ ಅವರೂ ಒಂದು. ನಾನೇ ಟೈಪ್ ಮಾಡಿದೆ.

ಪಟ್ಟಿಗೇ ಸೇರದವರ ಲೆಕ್ಕ ಬೇರೆ. ವಿಶ್ವ ಆರೋಗ್ಯ ಸಂಸ್ಥೆ 2022ರ ಮೇನಲ್ಲಿ ಅಂದಾಜು ಮಾಡಿದ ಪ್ರಕಾರ 2020 ಮತ್ತು 2021 ಸೇರಿ ಭಾರತದಲ್ಲಿ ಮಾಮೂಲಿಗಿಂತ ಹೆಚ್ಚಾದ ಸಾವು ಸುಮಾರು 47 ಲಕ್ಷ. ಸರ್ಕಾರದ ಅಧಿಕೃತ ಲೆಕ್ಕ 5 ಲಕ್ಷದ ಒಳಗಿತ್ತು. ಭಾರತ ಸರ್ಕಾರ ಆ ಅಂದಾಜಿನ ವಿಧಾನವನ್ನೇ ಒಪ್ಪಲಿಲ್ಲ. ನನ್ನ ಅಭಿಪ್ರಾಯ ಕೇಳಿದರೆ, ಅಧಿಕೃತ ಲೆಕ್ಕ ಪೂರ್ತಿ ಅಂತ ಆ ಏಪ್ರಿಲ್, ಮೇನಲ್ಲಿ ಚಿತಾಗಾರದ ಮುಂದೆ ಆಂಬುಲೆನ್ಸ್ ಸಾಲು ನೋಡಿದ ಯಾರೂ ಹೇಳಲಾರರು.

ಜುಲೈನಲ್ಲಿ ಬಸ್ಸು ಓಡಾಡೋಕೆ ಶುರುವಾದ ಮೇಲೆ ಊರಿಗೆ ಹೋದೆ. ಬ್ಯಾಗಲ್ಲಿ ವೆಲ್ಲೂರಿನ ಅಂಕಿಅಂಶದ ಪ್ರಿಂಟ್‌ಔಟ್. ಜಗಲಿ ಮೇಲೆ ಕೂತು ದೊಡ್ಡಮ್ಮನಿಗೆ ಎಲ್ಲ ವಿವರಿಸಿದೆ. ಐದು ದಿನದ ಲೆಕ್ಕ, ಹಬ್ಬದ ಲೆಕ್ಕ, ಐಸಿಯು ಶೇ 94ರ ಲೆಕ್ಕ. ಲಸಿಕೆಯಿಂದ ದೊಡ್ಡಪ್ಪ ಹೋಗಲಿಲ್ಲ, ಲಸಿಕೆ ತಡವಾಗಿದ್ದಕ್ಕೆ ಹೋದರು ಅಂದೆ. ಅವರು ಕೊಬ್ಬರಿ ಸಿಪ್ಪೆ ಆರಿಸ್ತಾ ಕೇಳಿಸಿಕೊಂಡರು. ಎಲ್ಲ ಮುಗಿದ ಮೇಲೆ ಒಂದೇ ಮಾತು ಕೇಳಿದರು.

"ಆವಾಗ ತಡೀರಿ ಅಂದೋನು ನೀನೇ ಅಲ್ವೇನಪ್ಪ?"

ಹೌದು ಅಂದೆ. ಬೈಯಲಿಲ್ಲ. ಒಳಗೆ ಹೋಗಿ ಕಾಫಿ ಮಾಡಿಕೊಂಡು ಬಂದರು. ಲಸಿಕೆ ಬಗ್ಗೆ ಆಮೇಲೆ ಇಬ್ಬರೂ ಮಾತಾಡಲಿಲ್ಲ. ಪ್ರಿಂಟ್‌ಔಟ್ ಅಲ್ಲೇ ಜಗಲಿ ಮೇಲೆ ಬಿಟ್ಟು ಬಂದೆ.

ಆಗಸ್ಟ್ ಎರಡನೇ ವಾರ ತಂಗಿ ಫೋನ್ ಮಾಡಿ ಹೇಳಿದಳು. ದೊಡ್ಡಮ್ಮ ಬೆಳಗ್ಗೆ ಎದ್ದು, ಎದುರುಮನೆಯವರನ್ನೂ ಕರ್ಕೊಂಡು, ಆರೋಗ್ಯ ಕೇಂದ್ರಕ್ಕೆ ಹೋಗಿ ಮೊದಲ ಡೋಸ್ ಹಾಕಿಸಿಕೊಂಡು ಬಂದರಂತೆ. ನನಗೆ ಹೇಳಿ ಹೋಗಲಿಲ್ಲ. ಅವತ್ತು ರಾಜ್ಯದಲ್ಲಿ ಎಷ್ಟು ಕೇಸು ಅಂತ ಕೇಳಲೂ ಇಲ್ಲ.